ಸಹಾಯ ಬೇಕು: ಸಬ್‌ರೂಟೀನ್ ಕರೆ ನಿಂತರೂ ಪಂಪು ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೈಕ್ರೋಲಾಜಿಕ್ಸ್ 1400 ಪಿಎಲ್‌ಸಿಯಲ್ಲಿ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ನೀರಿನ ಪಂಪುಗಳಿಗೆ ಲ್ಯಾಡರ್ ಪ್ರೋಗ್ರಾಂ (ಏಣಿಯ ಮೆಟ್ಟಿಲುಗಳಂತೆ ಸಾಲುಸಾಲಾಗಿ ಬರೆಯುವ ಪ್ರೋಗ್ರಾಂ) ಬರೆಯುತ್ತಿದ್ದು, ಪ್ರತಿ ಪಂಪಿಗೂ ಒಂದೊಂದು ಸಬ್‌ರೂಟೀನ್ (ಕರೆದಾಗ ಮಾತ್ರ ಓಡುವ ಉಪಪ್ರೋಗ್ರಾಂ) ಮಾಡಿ, ಮುಖ್ಯ ಫೈಲಾದ ಲ್ಯಾಡ್ 2ರಿಂದ ಜೆಎಸ್‌ಆರ್ (ಸಬ್‌ರೂಟೀನನ್ನು ಕರೆಯುವ ಆದೇಶ) ಮೂಲಕ ಕರೆಯುತ್ತಿದ್ದೇನೆ. ಆಟೋ ಬಿಟ್ (ಸ್ವಯಂಚಾಲಿತ ಓಟವನ್ನು ಸೂಚಿಸುವ ಆನ್/ಆಫ್ ಗುರುತು) ಆಫ್ ಆದೊಡನೆ ಜೆಎಸ್‌ಆರ್ ಕರೆ ನಿಲ್ಲುತ್ತದೆ; ಆದರೆ ಒಳಗಿನ ರಂಗ್‌ಗಳು (ಪ್ರೋಗ್ರಾಂನ ಸಾಲುಗಳು) ಸ್ಕ್ಯಾನ್ ಆಗದ (ಪಿಎಲ್‌ಸಿ ಓದಿ ನಡೆಸದ) ಕಾರಣ, ಓಟಿಇ (ಔಟ್‌ಪುಟ್ ಆನ್/ಆಫ್ ಮಾಡುವ ಆದೇಶ) ಆನ್ ಮಾಡಿದ್ದ ಔಟ್‌ಪುಟ್ ಹಾಗೆಯೇ ಆನ್ ಉಳಿದು ಪಂಪು ಓಡುತ್ತಲೇ ಇರುತ್ತದೆ. ನೀರಿಲ್ಲದೆ ಓಡಿದರೆ ಪಂಪಿನ ಸೀಲ್ ಹಾಳಾಗುವುದರಿಂದ ಇದನ್ನು ಹೀಗೆಯೇ ಬಿಡುವಂತಿಲ್ಲ.

ಜೆಎಸ್‌ಆರ್‌ಗೆ ಷರತ್ತನ್ನೇ ಹಾಕದೆ ಪ್ರತಿ ಸ್ಕ್ಯಾನಿನಲ್ಲೂ ಕರೆದು, ಆಟೋ ಬಿಟ್ಟನ್ನು ಒಳಗಿನ ರಂಗ್‌ಗಳಲ್ಲಿ ಇಡುವುದು ಸರಿಯೇ? ಅಥವಾ ಸಬ್‌ರೂಟೀನಿನಲ್ಲಿ ಬಿ3 ಬಿಟ್‌ಗಳನ್ನಷ್ಟೇ (ಪಿಎಲ್‌ಸಿಯ ಒಳ ಮೆಮೊರಿಯಲ್ಲಿರುವ ಆನ್/ಆಫ್ ಗುರುತುಗಳು) ಬಳಸಿ, ನಿಜವಾದ ಔಟ್‌ಪುಟ್‌ಗಳನ್ನೆಲ್ಲ ಆಟೋ ಬಿಟ್ಟಿನೊಂದಿಗೆ ಲ್ಯಾಡ್ 2ರಲ್ಲೇ ಬರೆಯಬೇಕೇ? ದೋಷ ಹುಡುಕುವವರಿಗೆ ಎರಡನೆಯದೇ ಸುಲಭವೆಂದು ನನ್ನ ಅನಿಸಿಕೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.