ಬೆರಕೆ ಸೊಪ್ಪು, ಬಾವಲಿ ಅಲ್ಗಾರಿದಮ್: ಅನುಭವ ಇದ್ದವರು ಹೇಳಿ

ಕೋಲಾರದಿಂದ ಕೋರಿಕೆ:

ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಆರು ತಿಂಗಳಾಯಿತು. ಹೊಲದಿಂದ ಕಿತ್ತು ತರುವ ಬೆರಕೆ ಸೊಪ್ಪಿನ ಗಿಡಗಳನ್ನು ಎಲೆಯ ಫೋಟೊದಿಂದ ಗುರುತಿಸುವುದು ನನ್ನ ವಿಷಯ. 'ಬಾವಲಿ ಅಲ್ಗಾರಿದಮ್' (ಬಾವಲಿಗಳು ಪ್ರತಿಧ್ವನಿಯಿಂದ ಬೇಟೆ ಹುಡುಕುವುದನ್ನು ಅನುಕರಿಸುವ ಲೆಕ್ಕದ ವಿಧಾನ) ಬಳಸಿ ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಸಸ್ಯಶಾಸ್ತ್ರ ಪಿಯುಸಿಗೇ ನಿಂತಿತು. ಕೈಯಿಂದ ದುಡ್ಡು ಕೊಡದೆ ಪ್ರಬಂಧಗಳನ್ನು ಓದುವುದು, ಪ್ರಕಟಿಸುವುದು ಹೇಗೆ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಮುಳಬಾಗಿಲಿನಿಂದ:

ಬೆರಕೆ ಸೊಪ್ಪಿನ ಮೇಲೆ ನಮ್ಮ ಜಿಲ್ಲೆಯವರೇ ಯಾರಾದರೂ ಕೆಲಸ ಮಾಡಬೇಕು ಎಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ನಿಮ್ಮ ಕೋರಿಕೆ ಓದಿ ಸಂತೋಷವಾಯಿತು. ನಾನೂ ಎಲೆಗಳ ಮೇಲೆಯೇ ಪಿಎಚ್.ಡಿ. ಮಾಡಿದವನು. ನನಗೆ ಬಿದ್ದ ಪೆಟ್ಟನ್ನು ಮೊದಲು ಹೇಳುತ್ತೇನೆ.

ಎರಡನೆಯ ವರ್ಷದಲ್ಲಿ ನನ್ನ ಪ್ರೋಗ್ರಾಮ್ ನೂರಕ್ಕೆ 97 ಎಲೆಗಳನ್ನು ಸರಿಯಾಗಿ ಗುರುತಿಸುತ್ತಿತ್ತು. ಪ್ರಬಂಧ ಬರೆದೂ ಮುಗಿದಿತ್ತು. ಸಸ್ಯಶಾಸ್ತ್ರದ ಮೇಡಂ ಒಬ್ಬರು ಫೋಟೊಗಳನ್ನು ಒಂದೊಂದಾಗಿ ಸರಿಸುತ್ತಾ, "ಇವೆಲ್ಲ ಎಷ್ಟು ಗಿಡಗಳ ಎಲೆಗಳು?" ಎಂದು ಕೇಳಿದರು. ಕುಳಿತು ಎಣಿಸಿದೆ. ಫೋಟೊಗಳು 600, ಗಿಡಗಳು 23. ಒಂದೇ ಗಿಡದ ಎಲೆಗಳು ಕಲಿಕೆಯ ಗುಂಪಿಗೂ ಹೋಗಿದ್ದವು, ಪರೀಕ್ಷೆಯ ಗುಂಪಿಗೂ ಹೋಗಿದ್ದವು. ಅದೇ ಧೂಳು, ಅದೇ ಬಿಸಿಲು, ಹುಳು ತಿಂದ ಅದೇ ಬಗೆಯ ತೂತು. ಪ್ರೋಗ್ರಾಮ್ ಪ್ರಭೇದವನ್ನು ಕಲಿಯುವ ಬದಲು ಆ 23 ಗಿಡಗಳನ್ನೇ ಬಾಯಿಪಾಠ ಮಾಡಿಕೊಂಡಿತ್ತು. ಗಿಡವಾರು ಬೇರ್ಪಡಿಸಿ ಮತ್ತೆ ಓಡಿಸಿದಾಗ ಅಂಕಿ 70ರ ಆಸುಪಾಸಿಗೆ ಇಳಿಯಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಆದರೂ ನನ್ನ ಪ್ರಬಂಧದಲ್ಲಿ ಇರುವುದು ಆ ಇಳಿದ ಅಂಕಿಯೇ, ಮತ್ತು ಅದರ ಬಗ್ಗೆ ನನಗೆ ಸಮಾಧಾನವಿದೆ. ಆದ್ದರಿಂದ ಮೊದಲ ದಿನದಿಂದಲೇ ಪ್ರತಿ ಫೋಟೊಗೂ ಗಿಡದ ಸಂಖ್ಯೆ, ಊರು, ದಿನಾಂಕ ಬರೆದಿಡಿ.

ಇನ್ನು ಅಲ್ಗಾರಿದಮ್ಮಿನ ಮಾತು. ಎಲೆಯ ಉದ್ದ, ಅಗಲ, ಅಂಚಿನ ಹಲ್ಲು, ನರಗಳ ಕೋನ ಎಂದು 40 ಲಕ್ಷಣಗಳನ್ನು ಅಳೆದಿರಿ ಎನ್ನೋಣ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಆಯ್ಕೆಗಳ ಸಂಖ್ಯೆ 2ರ 40ನೆಯ ಘಾತ, ಅಂದರೆ ಒಂದು ಲಕ್ಷ ಕೋಟಿಗೂ ಹೆಚ್ಚು. ಎಲ್ಲವನ್ನೂ ಪರೀಕ್ಷಿಸಿ ನೋಡಲು ಆಗದು, ಅದಕ್ಕೇ ಹುಡುಕುವ ವಿಧಾನಗಳು ಬೇಕಾಗುತ್ತವೆ. ಜಾನ್ ಹಾಲೆಂಡ್ 1975ರಲ್ಲಿ ವಿವರಿಸಿದ ಜೆನೆಟಿಕ್ ಅಲ್ಗಾರಿದಮ್, ಕೆನಡಿ ಮತ್ತು ಎಬರ್‌ಹಾರ್ಟ್ 1995ರಲ್ಲಿ ಕೊಟ್ಟ ಕಣಸಮೂಹ ವಿಧಾನ, ಕ್ಸಿನ್-ಶೆ ಯಾಂಗ್ ಅವರ 2010ರ ಬಾವಲಿ ಅಲ್ಗಾರಿದಮ್ ಎಲ್ಲವೂ ಈ ಬಗೆಯವು. ಎಲ್ಲ ಸಮಸ್ಯೆಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿದರೆ ಯಾವ ಹುಡುಕುವ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲ ಎಂದು ವೋಲ್ಪರ್ಟ್ ಮತ್ತು ಮ್ಯಾಕ್‌ರೆಡಿ 1997ರಲ್ಲಿ ಗಣಿತದಿಂದಲೇ ತೋರಿಸಿದ್ದಾರೆ. ಹಾಗಾಗಿ ಪ್ರಾಣಿಯ ಹೆಸರು ಹೊಸದಾದಷ್ಟೂ ವಿಧಾನ ಉತ್ತಮ ಎಂದುಕೊಳ್ಳಬೇಡಿ. ಮಾರ್ಗದರ್ಶಕರು ಹೇಳಿದಂತೆ ಬಾವಲಿಯನ್ನೇ ಬಳಸಿ. ಪಕ್ಕದಲ್ಲಿ, ಕಣ್ಣು ಮುಚ್ಚಿ ಲಕ್ಷಣಗಳನ್ನು ಆರಿಸುವ ಸರಳ ವಿಧಾನಕ್ಕೂ ಅಷ್ಟೇ ಅವಕಾಶ ಕೊಡಿ. ಎರಡನ್ನೂ 30 ಸಲ ಬೇರೆ ಬೇರೆ ಆರಂಭದಿಂದ ಓಡಿಸಿ, ಸರಾಸರಿಯ ಜೊತೆಗೆ ಏರಿಳಿತವನ್ನೂ ಬರೆಯಿರಿ. ಲಕ್ಷಣಗಳನ್ನು ಆರಿಸುವಾಗ ಪರೀಕ್ಷೆಯ ಗುಂಪನ್ನು ಮುಟ್ಟಲೇಬೇಡಿ.

ಬಾವಲಿ ಎಂದಾಗಲೆಲ್ಲ ನನಗೆ ನಮ್ಮ ಜಿಲ್ಲೆಯ ಹನುಮನಹಳ್ಳಿಯ ಗುಹೆಯ ಬಾವಲಿಯೇ ನೆನಪಿಗೆ ಬರುತ್ತದೆ. ಮೂಗಿನ ಮೇಲೆ ಎಲೆಯಂಥ ಚರ್ಮವಿರುವ ಪುಟ್ಟ ಪ್ರಾಣಿ. ಕಾಕ್ ಮತ್ತು ಭಟ್ ಅದನ್ನು 1994ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ಕೋಲಾರ ಜಿಲ್ಲೆಯನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಅದು ಸಿಕ್ಕಿಲ್ಲ, ಅಳಿವಿನ ತೀವ್ರ ಅಪಾಯದಲ್ಲಿದೆ. ಸಂಶೋಧನೆಯ ಶೀರ್ಷಿಕೆಯಲ್ಲಿ ಬಾವಲಿ ಎಂದು ಬರೆಯುವ ಕೋಲಾರದವರಿಗೆ ಈ ಬಾವಲಿಯೂ ಗೊತ್ತಿರಬೇಕು ಎಂಬುದು ನನ್ನ ಆಸೆ.

ಓದುವುದಕ್ಕೆ ದುಡ್ಡು ಬೇಕಿಲ್ಲ. ಕಂಪ್ಯೂಟರ್ ಕಡೆಯ ಹಲವು ಪ್ರಬಂಧಗಳು ಆರ್ಕೈವ್ (arXiv) ಎಂಬ ಜಾಲತಾಣದಲ್ಲಿ ಸಿಗುತ್ತವೆ, ಜೀವವಿಜ್ಞಾನದ ಹಲವು ಬಯೋಆರ್ಕೈವ್‌ನಲ್ಲಿ (bioRxiv). ಹಳೆಯ ಸಸ್ಯಗ್ರಂಥಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿವೆ, ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾದಲ್ಲಿ. ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವಾದರೆ, ಸರ್ಕಾರವೇ ಪತ್ರಿಕೆಗಳ ಚಂದಾ ಕಟ್ಟುವ, 2025ರಲ್ಲಿ ಶುರುವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯ ಬಗ್ಗೆ ಗ್ರಂಥಪಾಲಕರನ್ನು ಕೇಳಿ. ಅದೂ ಆಗದಿದ್ದರೆ ಲೇಖಕರಿಗೇ ಎರಡು ಸಾಲು ಬರೆಯಿರಿ. ನನಗೆ ಬಹಳಷ್ಟು ಮಂದಿ ಮರುದಿನವೇ ಪ್ರತಿ ಕಳಿಸಿದ್ದಾರೆ.

ಪ್ರಕಟಣೆಯಲ್ಲಿ ಮಾತ್ರ ಎಚ್ಚರ. 'ಹತ್ತು ದಿನಗಳಲ್ಲಿ ಪ್ರಕಟಿಸುತ್ತೇವೆ' ಎಂದ ಒಂದು ಪತ್ರಿಕೆಗೆ ನಾನು ದುಡ್ಡು ಕಟ್ಟಿದೆ. ಯಾರೂ ಪರಿಶೀಲಿಸಲಿಲ್ಲ, ಒಂದು ಅಕ್ಷರವನ್ನೂ ತಿದ್ದಲಿಲ್ಲ. ಎರಡು ವರ್ಷಗಳ ಬಳಿಕ ಅವರ ಜಾಲತಾಣವೇ ಇರಲಿಲ್ಲ. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಮುಕ್ತ ಪತ್ರಿಕೆ ಎಂದರೆ ಲೇಖಕರೇ ಹಣ ತೆರಬೇಕು ಎಂದೇನೂ ಇಲ್ಲ: ಜರ್ನಲ್ ಆಫ್ ಮಷೀನ್ ಲರ್ನಿಂಗ್ ರಿಸರ್ಚ್ ಓದುಗರಿಂದಲೂ ಲೇಖಕರಿಂದಲೂ ಬಿಡಿಗಾಸು ಪಡೆಯುವುದಿಲ್ಲ. ಮುಕ್ತ ಪತ್ರಿಕೆಗಳ ಡಿಒಎಜೆ ಪಟ್ಟಿಯಲ್ಲಿ ಪ್ರತಿ ಪತ್ರಿಕೆಯ ಶುಲ್ಕದ ವಿವರವಿದೆ, ಮೊದಲು ಅದನ್ನು ನೋಡಿ.

ನಿಮ್ಮ ಫೋಟೊಗಳನ್ನೂ ಪ್ರೋಗ್ರಾಮನ್ನೂ ಸಂಶೋಧನೆಯ ಕಡತಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಜೆನೊಡೊ ಜಾಲತಾಣದಲ್ಲಿ ಇಡಿ, ಅದೂ ಉಚಿತ. ಸಂಖ್ಯಾಶಾಸ್ತ್ರಜ್ಞ ಫಿಶರ್ 1936ರಲ್ಲಿ ಮೂರು ಬಗೆಯ ಐರಿಸ್‌ನ 150 ಹೂವುಗಳ ಅಳತೆಗಳನ್ನು ಪ್ರಬಂಧದೊಳಗೇ ಪೂರ್ತಿಯಾಗಿ ಅಚ್ಚು ಹಾಕಿಸಿದರು. ಆ ಹೂವುಗಳನ್ನು ಅಳೆದವರು ಸಸ್ಯಶಾಸ್ತ್ರಜ್ಞ ಎಡ್ಗರ್ ಆಂಡರ್ಸನ್. ಇಂದಿಗೂ ತರಗತಿಗಳಲ್ಲಿ ಮಕ್ಕಳು ವರ್ಗೀಕರಣ ಕಲಿಯುವುದು ಆ ಪಟ್ಟಿಯಿಂದ. ಕೋಲಾರದ ಸೊಪ್ಪಿಗೂ ಅಂಥದ್ದೊಂದು ಪಟ್ಟಿ ಇರಲಿ.

ಶ್ರೀನಿವಾಸಪುರದಿಂದ:

ನಾನು ಸಸ್ಯಶಾಸ್ತ್ರ ಕಲಿಸುವವಳು. ಮೇಲೆ ಬರೆದವರು ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ: ಫೋಟೊಗೆ ನೀವು ಕೊಡುವ ಹೆಸರೇ ತಪ್ಪಾಗಿದ್ದರೆ ಯಾವ ಅಲ್ಗಾರಿದಮ್ಮೂ ಅದನ್ನು ಸರಿಪಡಿಸಲಾರದು. ಗಣಿಕೆ ಸೊಪ್ಪನ್ನೇ ತೆಗೆದುಕೊಳ್ಳಿ. ಕೆಲವರು ಕಾಶಿ ಸೊಪ್ಪು ಎನ್ನುತ್ತಾರೆ, ತೆಲುಗು ಮನೆಮಾತಿನವರು ಕಾಮಂಚಿ ಎನ್ನುತ್ತಾರೆ. ಪುಸ್ತಕಗಳು ಸೊಲಾನಮ್ ನೈಗ್ರಮ್ ಎಂದು ಬರೆದು ಮುಗಿಸುತ್ತವೆ. ಆದರೆ ಆ ಹೆಸರಿನಡಿ ಸೊಲಾನಮ್ ಅಮೆರಿಕಾನಮ್, ಸೊಲಾನಮ್ ವಿಲ್ಲೋಸಮ್ ಕೂಡ ಸೇರಿಹೋಗುತ್ತವೆ. ಎಲೆ ನೋಡಿದರೆ ಬೇರೆ ಮಾಡುವುದು ಕಷ್ಟ. ಹಣ್ಣು ಕೈಗೆ ತೆಗೆದುಕೊಂಡು ನೋಡಿ. ವಿಲ್ಲೋಸಮ್ ಹಣ್ಣು ಕಿತ್ತಳೆಗೆಂಪು. ಅಮೆರಿಕಾನಮ್‌ನದು ಮಿರಿಮಿರಿ ಮಿಂಚುವ ಕಪ್ಪು, ಅದರ ಬುಡದ ಹಸಿರು ಪುಷ್ಪಪಾತ್ರೆ ಹಿಂದಕ್ಕೆ ಮಡಚಿಕೊಂಡಿರುತ್ತದೆ. ನೈಗ್ರಮ್‌ಗೆ ಆ ಹೊಳಪಿಲ್ಲ. ಆದ್ದರಿಂದ ಫೋಟೊ ತೆಗೆದ ಪ್ರತಿ ಗಿಡದಿಂದಲೂ ಹೂವು, ಹಣ್ಣು ಸಹಿತ ಒಂದು ಟೊಂಗೆಯನ್ನು ಒಣಗಿಸಿ ಇಡಿ. ನಾಳೆ ಯಾರಾದರೂ ಹೆಸರನ್ನು ಪ್ರಶ್ನಿಸಿದರೆ ಅದನ್ನು ತೆಗೆದು ತೋರಿಸಬಹುದು.

ಕೋಲಾರದಿಂದ:

ಇಬ್ಬರಿಗೂ ಮನಸಾರೆ ವಂದನೆಗಳು. ನನ್ನ ಫೋಟೊಗಳಲ್ಲಿ ಗಿಡದ ಸಂಖ್ಯೆ ಇಲ್ಲ, ಹೊಸದಾಗಿ ಆರಂಭಿಸುತ್ತೇನೆ. ಭಾನುವಾರ ಅಜ್ಜಿ ಸೊಪ್ಪು ಕೀಳಲು ಹೊಲಕ್ಕೆ ಹೋಗುತ್ತಾರೆ, ನಾನೂ ಹೋಗುತ್ತಿದ್ದೇನೆ. ಹಣ್ಣು ಬಿಟ್ಟ ಗಣಿಕೆ ಸಿಕ್ಕರೆ ನಿಮ್ಮ ಬಳಿಗೆ ತರಬಹುದೇ, ಮೇಡಂ?

ಶ್ರೀನಿವಾಸಪುರದಿಂದ:

ಖಂಡಿತ ತನ್ನಿ. ಹಳೆಯ ದಿನಪತ್ರಿಕೆಯ ನಡುವೆ ಹರಡಿ, ಮೇಲೆ ಭಾರ ಇಡಿ, ಕಾಗದವನ್ನು ದಿನಾ ಬದಲಿಸಿ. ಹಣ್ಣಿನ ಬಣ್ಣ, ಹೊಳಪನ್ನು ಹೊಲದಲ್ಲೇ ಬರೆದುಕೊಳ್ಳಿ. ಒಣಗಿದ ಮೇಲೆ ಅದು ತಿಳಿಯುವುದಿಲ್ಲ. ಅಜ್ಜಿ ಆ ಗಿಡವನ್ನು ಏನೆಂದು ಕರೆಯುತ್ತಾರೆ, ಅದನ್ನೂ ಬರೆದುಕೊಳ್ಳಿ.