ಹಳೇ 800ರಲ್ಲಿ ಸ್ಟೇರಿಂಗ್ ಸೊಟ್ಟ, ಗಾಡಿ ಮಾತ್ರ ನೆಟ್ಟಗೆ ಹೋಗುತ್ತೆ

ಹಳೇಗಾಡಿ_ಹಾಸನ:
ನಮ್ಮಪ್ಪನ 2004ರ ಮಾರುತಿ 800, ಹೋದ ವಾರ ಎಡಗಡೆ ಟೈ ರಾಡ್ ಎಂಡ್ (ಸ್ಟೇರಿಂಗನ್ನ ಚಕ್ರಕ್ಕೆ ಸೇರಿಸೋ ಸರಳಿನ ತುದಿ) ಚೇಂಜ್ ಮಾಡಿಸಿದ್ವಿ, ಅಲ್ಲೇ ಅಲೈನ್‌ಮೆಂಟೂ ಆಯ್ತು, ಆದ್ರೆ ಈಗ ನೇರ ರೋಡಲ್ಲಿ ಹೋಗೋವಾಗ ಸ್ಟೇರಿಂಗ್ ಹತ್ತು ಗಂಟೆ ಮುಳ್ಳಿನ ಥರ ಎಡಕ್ಕೆ ವಾಲಿರುತ್ತೆ. ಗ್ಯಾರೇಜಿನವ್ರು ಸ್ಟೇರಿಂಗ್ ಬಿಚ್ಚಿ ತಿರುಗಿಸಿ ಕೂರಿಸ್ತೀನಿ ಅಂತಾರೆ. ಮಾಡಿಸ್ಲಾ?

ಗ್ರೀಸ್_ಕೈ:
ಬೇಡ ಗುರು! ರ‍್ಯಾಕ್ (ಚಕ್ರಗಳನ್ನ ಎಡಬಲ ತಳ್ಳೋ ಹಲ್ಲಿನ ಸರಳು) ಸೆಂಟರಲ್ಲಿ ಇಲ್ದೇ ಸ್ಟೇರಿಂಗ್ ವೀಲ್ ಮಾತ್ರ ನೆಟ್ಟಗೆ ಮಾಡಿದ್ರೆ ಒಂದ್ಕಡೆ ಜಾಸ್ತಿ ಒಂದ್ಕಡೆ ಕಮ್ಮಿ ತಿರುಗುತ್ತೆ ಅಷ್ಟೇ. ಮೊದ್ಲು ಎಡ ಲಾಕಿಂದ (ಸ್ಟೇರಿಂಗ್ ಇನ್ನು ತಿರುಗಲ್ಲ ಅಂತ ನಿಲ್ಲೋ ಕೊನೆ) ಬಲ ಲಾಕ್‌ವರ್ಗೂ ಎಷ್ಟು ಸುತ್ತು ಅಂತ ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು ನಿಲ್ಸಿ. ಅಲ್ಲಿ ಸ್ಟೇರಿಂಗ್ ನೆಟ್ಟಗಿದ್ರೆ ತಪ್ಪು ಟೈ ರಾಡಲ್ಲೇ. ಕೆಳಗೆ ಬಗ್ಗಿ ಎರಡೂ ಕಡೆ ಟೈ ರಾಡ್ ಬಿಗಿ ಹಿಡಿಯೋ ಲಾಕ್ ನಟ್ ಆಚೆ ಕಾಣೋ ಥ್ರೆಡ್ ಎಣಿಸಿ ನೋಡಿ, ಎರಡೂ ಹತ್ರಹತ್ರ ಸಮ ಇರ್ಬೇಕು, ನಂಗೆ ಒಮ್ಮೆ ಎಡಕ್ಕೆ 14 ಬಲಕ್ಕೆ 8 ಸಿಕ್ಕಿತ್ತು. ಒಂದೇ ಕಡೆ ತಿರುಗಿಸಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ವಾಲಿರೋ ಕೋನ, ಮೇಲಿಂದ ನೋಡಿದಾಗ) ಸರಿ ಮಾಡಿದ್ರೆ ಹಿಂಗೇ ಆಗೋದು.

ಅಲೈನ್‌ಮೆಂಟ್‌ನವ್ರಿಗೆ ಸ್ಟೇರಿಂಗ್ ಹೋಲ್ಡರ್ ಹಾಕಿ ಲಾಕ್ ಮಾಡಿ ಆಮೇಲೆ ಎರಡೂ ಕಡೆ ಅಡ್ಜಸ್ಟ್ ಮಾಡಿ ಅನ್ನಿ. ಪಕ್ಕದಲ್ಲೇ ನಿಂತಿರಿ, ಟೀ ಕುಡಿಯೋಕೆ ಹೋಗ್ಬೇಡಿ.

ಘಾಟಿ_ಡ್ರೈವರ್:
ಟೈರ್ ಗಾಳಿನೂ ನೋಡಿ ಸಾರ್. ಕೈ ಬಿಟ್ರೆ ಗಾಡಿ ಒಂದ್ಕಡೆ ಎಳೆಯುತ್ತೆ ಅಂದ್ರೆ ಅದು ಬೇರೆ ಕಾಯಿಲೆ, ಬ್ರೇಕ್ ಹಿಡ್ಕೊಂಡಿರ್ಬೋದು, ಲೋವರ್ ಆರ್ಮ್ ಬುಷ್ (ಚಕ್ರ ಹಿಡಿಯೋ ಕೆಳಗಿನ ತೋಳಿನ ರಬ್ಬರ್) ಹೋಗಿರ್ಬೋದು.

ಹಳೇಗಾಡಿ_ಹಾಸನ:
ಎಣಿಸ್ದೆ, ಎಡ 13, ಬಲ 7!! ಇಂಡಿಕೇಟರ್ ಒಂದ್ಕಡೆ ತಾನಾಗೇ ಆಫ್ ಆಗ್ತಿರ್ಲಿಲ್ಲ, ಅದೂ ಇದ್ರಿಂದ್ಲೇ ಇರ್ಬೇಕು. ನಾಳೆ ಬೇರೆ ಕಡೆ ಹೋಗ್ತೀನಿ.