ಬಾನೆಟ್ ಒಳಗಿನ ಕೊಳೆಯನ್ನು ಮನೆಯಲ್ಲೇ ತೆಗೆಯುವುದು ಹೇಗೆ? ನೀರು ಹಾಕಬಹುದೇ?

ಪ್ರಶ್ನೆ: ಮಲ್ಲೇಶ್ವರದ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಮನೆಯಲ್ಲಿ ವಾಹನ ನಿಲ್ಲಿಸಲು ಜಾಗವಿಲ್ಲದ ಕಾರಣ ಅದು ಹಗಲೂ ರಾತ್ರಿಯೂ ರಸ್ತೆಬದಿಯ ಹೊಂಗೆ ಮರದ ಕೆಳಗೇ ಇರುತ್ತದೆ. ಮಳೆಗಾಲ ಶುರುವಾಗುವ ಮುನ್ನ ಬಾನೆಟ್ ಒಳಭಾಗವನ್ನು ಒಮ್ಮೆ ಸರಿಯಾಗಿ ಶುಚಿ ಮಾಡಬೇಕೆಂದಿದ್ದೇನೆ. ವೈಪರ್ ಕೆಳಗಿನ ಜಾಲರಿಯಲ್ಲಿ ಹೊಂಗೆಯ ಹೂವು, ಎಲೆಗಳು ಕೊಳೆತು ಕಪ್ಪಾಗಿವೆ. ಇಂಜಿನ್ನಿನ ಮೇಲ್ಭಾಗದ ಕವರ್ ಸುತ್ತ ಎಣ್ಣೆಯ ಜಿಡ್ಡಿನ ಮೇಲೆ ಧೂಳು ಕೂತು ದಪ್ಪ ಪದರ ಕಟ್ಟಿದೆ.

ವಾಟರ್ ಸರ್ವಿಸ್ ಅಂಗಡಿಗೆ ಕೊಟ್ಟರೆ ಡೀಸೆಲ್ ಸಿಂಪಡಿಸಿ, ಜೋರಾಗಿ ನೀರು ಹೊಡೆದು, ಅರ್ಧ ಗಂಟೆಯಲ್ಲಿ ಹೊಸದರಂತೆ ಮಾಡಿಕೊಡುತ್ತಾರೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನನಗೆ ಅದರಲ್ಲಿ ಧೈರ್ಯವಿಲ್ಲ. ನಾನೇ ಮಾಡುವುದಾದರೆ ಎಲ್ಲೆಲ್ಲಿ ನೀರು ಬೀಳಬಾರದು, ಜಿಡ್ಡು ತೆಗೆಯಲು ಸೀಮೆಎಣ್ಣೆ ಬಳಸಬಹುದೇ, ಪ್ಲಾಸ್ಟಿಕ್ ಕವರ್ ಕಟ್ಟಿದರೆ ಸಾಕೇ ಎಂಬುದನ್ನು ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಬಸವನಗುಡಿಯಿಂದ

ನಮಸ್ಕಾರ ಸರ್. ನೀವು ಹಿಂಜರಿದದ್ದು ಸರಿಯಾಗಿದೆ. ನಾನು ಹಲವು ವರ್ಷಗಳಿಂದ ನನ್ನ ಕಾರಿನ ಇಂಜಿನ್ ಭಾಗವನ್ನು ನಾನೇ ಶುಚಿ ಮಾಡಿಕೊಳ್ಳುತ್ತಿದ್ದೇನೆ. ಇದು ಪೈಪು ಹಿಡಿದು ಮಾಡುವ ಕೆಲಸವಲ್ಲ, ಬ್ರಷ್ ಮತ್ತು ಬಟ್ಟೆ ಹಿಡಿದು ಮಾಡುವ ಕೆಲಸ.

ಎಲ್ಲಕ್ಕಿಂತ ಮೊದಲು, ಕೊಳೆಯನ್ನು ಮುಟ್ಟುವ ಮುನ್ನ, ಅದನ್ನು ಹಗಲು ಬೆಳಕಿನಲ್ಲಿ ಚೆನ್ನಾಗಿ ನೋಡಿ, ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆದಿಟ್ಟುಕೊಳ್ಳಿ. ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ ಎಂದು ನಾನು ನಂಬುತ್ತೇನೆ. ಒಣ ಧೂಳು ಎಲ್ಲ ಕಡೆಯೂ ಸಮನಾಗಿ ಕೂರುತ್ತದೆ, ಆದರೆ ಒಂದು ಜಾಗದಲ್ಲಿ ಮಾತ್ರ ಧೂಳು ಒದ್ದೆಯಾಗಿ ಕಪ್ಪಾಗಿದ್ದರೆ ಅದರ ಮೇಲಿನ ಯಾವುದೋ ಜೋಡಣೆಯಿಂದ ಆಯಿಲ್ ಒಸರುತ್ತಿದೆ ಎಂದರ್ಥ. ನೀವು ಹೇಳಿದ ಮೇಲಿನ ಕವರ್ ಸುತ್ತಲಿನ ಜಿಡ್ಡು ಬಹುಶಃ ಟ್ಯಾಪೆಟ್ ಕವರಿನ (ಇಂಜಿನ್ನಿನ ಮೇಲ್ತುದಿಯ ಮುಚ್ಚಳದ) ಪ್ಯಾಕಿಂಗ್ ಗಟ್ಟಿಯಾಗಿ ಆಯಿಲ್ ಬಿಡುತ್ತಿರುವುದರಿಂದ ಬಂದದ್ದು, ಈ ವಯಸ್ಸಿನ ಕಾರುಗಳಲ್ಲಿ ಅದು ಸಾಮಾನ್ಯ. ರಬ್ಬರ್ ಹೋಸುಗಳ ತುದಿಯಲ್ಲಿ, ರೇಡಿಯೇಟರಿನ ಅಂಚಿನಲ್ಲಿ ಬಿಳಿಯ ಅಥವಾ ಹಸಿರು, ಗುಲಾಬಿ ಬಣ್ಣದ ಒಣ ಕಲೆ ಕಂಡರೆ ಅದು ಇಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟ್ ಸೋರಿದ ಗುರುತು. ನೋಡದೆ ತೊಳೆದುಬಿಟ್ಟರೆ ಮೆಕ್ಯಾನಿಕ್‌ಗೆ ತೋರಿಸಬೇಕಾದ ಈ ಸುಳಿವುಗಳೆಲ್ಲ ಕೊಚ್ಚಿಹೋಗುತ್ತವೆ.

ಇಂಜಿನ್ ಪೂರ್ತಿ ತಣ್ಣಗಿರಬೇಕು. ಬೆಳಿಗ್ಗೆ ಎದ್ದು, ಗಾಡಿ ಚಾಲೂ ಮಾಡುವ ಮುನ್ನವೇ ಕೆಲಸ ಶುರು ಮಾಡುವುದು ಒಳ್ಳೆಯದು. ಬಿಸಿಯಾದ ಲೋಹಕ್ಕೆ ತಣ್ಣೀರು ಬಿದ್ದರೆ ಅದು ಒಮ್ಮೆಗೇ ಕುಗ್ಗಿ ಬಿರುಕು ಬಿಡುವ ಅಪಾಯವಿದೆ, ಜಿಡ್ಡು ತೆಗೆಯುವ ದ್ರವ ಹಚ್ಚಿದ ಕೂಡಲೇ ಒಣಗಿ ಕಲೆ ಉಳಿಸುತ್ತದೆ, ಕೈ ಸುಡುವುದಂತೂ ಖಚಿತ. ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಸಾಲು ನಿಲ್ಲುವ ಕಾರುಗಳ ಇಂಜಿನ್ ಆರುವವರೆಗೆ ಕಾಯಲು ಅಲ್ಲಿ ಯಾರಿಗೂ ಸಮಯವಿರುವುದಿಲ್ಲ. ಅಲ್ಲಿಗೆ ಕೊಡಬೇಡಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಯಾವುದೂ ಬೇಡ. ಇವು ಹೊತ್ತಿಕೊಳ್ಳುವ ದ್ರವಗಳು, ಸಂದಿಯಲ್ಲಿ ಉಳಿದರೆ ಸೈಲೆನ್ಸರಿನ ಬಿಸಿ ಭಾಗಕ್ಕೆ ತಗುಲಿ ಹೊಗೆಯೋ ಬೆಂಕಿಯೋ ಏಳಬಹುದು. ಕೂಲೆಂಟ್ ಹೋಸುಗಳ ರಬ್ಬರ್ ಎಣ್ಣೆಯನ್ನು ತಡೆಯುವಂಥದ್ದಲ್ಲ. ಪೆಟ್ರೋಲಿಯಂ ಎಣ್ಣೆ ತಾಗುತ್ತಲೇ ಇದ್ದರೆ ಅದು ಊದಿಕೊಂಡು ಮೆತ್ತಗಾಗುತ್ತದೆ. ಡೀಸೆಲ್ ಹೊಡೆದಾಗ ಕಾಣುವ ಹೊಳಪು ಮೇಲೆ ಉಳಿದ ಎಣ್ಣೆಯ ಪದರವಷ್ಟೇ, ಎರಡು ದಿನದಲ್ಲಿ ಮೊದಲಿಗಿಂತ ಹೆಚ್ಚು ಧೂಳು ಅದಕ್ಕೆ ಅಂಟುತ್ತದೆ. ಜಿಡ್ಡು ತೆಗೆಯಲೆಂದೇ ಇರುವ, ನೀರಿನಲ್ಲಿ ಬೆರೆಯುವ ಡಿಗ್ರೀಸರ್ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟೇ ನೀರು ಬೆರೆಸಿ. ತೀಕ್ಷ್ಣವಾದ ಕ್ಷಾರದ ದ್ರವಗಳು ಅಲ್ಯೂಮಿನಿಯಮ್ ಭಾಗಗಳನ್ನು ಮಂಕಾಗಿಸುತ್ತವೆ. ಬರಿಯ ಧೂಳಾದರೆ ಕಾರು ತೊಳೆಯುವ ಶಾಂಪೂ ಸಾಕು.

ಕೆಲಸದ ಕ್ರಮ ಹೀಗಿದೆ. ಒಣ ಕಸವನ್ನು ಕೈಯಿಂದಲೂ ಮೆತ್ತನೆಯ ಪೇಂಟ್ ಬ್ರಷ್‌ನಿಂದಲೂ ಮೊದಲೇ ತೆಗೆಯಿರಿ, ಏಕೆಂದರೆ ಒದ್ದೆಯಾದರೆ ಅದು ಕೆಸರಾಗಿ ಸಂದಿಗಳಿಗೆ ಇಳಿಯುತ್ತದೆ. ವೈಪರ್ ಕೆಳಗಿನ ಜಾಲರಿಗೆ ವಿಶೇಷ ಗಮನ ಕೊಡಿ. ಅಲ್ಲಿಂದ ಮಳೆನೀರು ಹೊರಹೋಗಲು ಎರಡೂ ಬದಿಯಲ್ಲಿ ರಂಧ್ರಗಳಿರುತ್ತವೆ. ಹೊಂಗೆ ಎಲೆ ಕೊಳೆತು ಅವನ್ನು ಮುಚ್ಚಿದರೆ ನೀರು ಅಲ್ಲೇ ನಿಂತು, ಗಾಳಿಯ ದಾರಿಯಿಂದ ಕಾರಿನ ಒಳಕ್ಕೆ, ಮುಂದಿನ ಸೀಟಿನ ಕಾಲಡಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಮರದ ಕೆಳಗೆ ನಿಲ್ಲುವ ಕಾರುಗಳಿಗೆ ಮಳೆಗಾಲದಲ್ಲಿ ಬರುವ ಮುಗ್ಗಲು ವಾಸನೆಗೆ ಇದು ದೊಡ್ಡ ಕಾರಣ. ನೀವು ಬೇರೇನೂ ಮಾಡದಿದ್ದರೂ ಈ ರಂಧ್ರಗಳನ್ನು ಬಿಡಿಸಿ.

ನಂತರ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿ. ಹೆಚ್ಚಿನ ಕಾರುಗಳಲ್ಲಿ 10 ಎಂ.ಎಂ. ಸ್ಪ್ಯಾನರ್ ಸಾಕಾಗುತ್ತದೆ. ಗಡಿಯಾರ, ಆಡಿಯೋ, ಕಿಟಕಿ ಗಾಜಿನ ಆಟೋ ವ್ಯವಸ್ಥೆ ಮತ್ತೆ ಹೊಂದಿಸಬೇಕಾಗಬಹುದು, ಅದನ್ನು ಕಾರಿನ ಕೈಪಿಡಿಯಲ್ಲಿ ಮೊದಲೇ ಓದಿಕೊಳ್ಳಿ. ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಂಜಿನ್ ನಿಯಂತ್ರಿಸುವ ಇ.ಸಿ.ಯು. ಪೆಟ್ಟಿಗೆ, ಏರ್ ಫಿಲ್ಟರಿಗೆ ಗಾಳಿ ಹೋಗುವ ಬಾಯಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ, ಇವನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ. ಆಯಿಲ್ ಹಾಕುವ ಮುಚ್ಚಳ ಮತ್ತು ಡಿಪ್‌ಸ್ಟಿಕ್ ಸರಿಯಾಗಿ ಕೂತಿವೆಯೇ ನೋಡಿ. ಬ್ರೇಕ್ ಆಯಿಲ್ ನೀರಿನ ಅಂಶವನ್ನು ಹೀರಿಕೊಳ್ಳುವ ದ್ರವವಾದ್ದರಿಂದ ಆ ಡಬ್ಬಿಯ ಸುತ್ತ ಬಟ್ಟೆ ಬಿಟ್ಟು ಬೇರೇನೂ ಬೇಡ.

ಆಮೇಲೆ ಒಂದೊಂದೇ ಗೇಣಗಲದ ಜಾಗವನ್ನು ಆರಿಸಿಕೊಂಡು, ದ್ರವವನ್ನು ಬ್ರಷ್ಷಿಗೆ ಅದ್ದಿ ಹಚ್ಚಿ, ಜಿಡ್ಡು ಕರಗಲು ಒಂದೆರಡು ನಿಮಿಷ ಬಿಟ್ಟು, ಅದು ಒಣಗುವ ಮುನ್ನವೇ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಅಡುಗೆಮನೆಯ ಕಟ್ಟೆ ಒರೆಸಲು ಹಿಂಡುವಷ್ಟೇ ಬಟ್ಟೆಯನ್ನು ಹಿಂಡಿಕೊಂಡರೆ ಅದೇ ಸರಿಯಾದ ತೇವ. ಬೋಲ್ಟ್‌ಗಳ ಸುತ್ತಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಚೆನ್ನಾಗಿ ಒಗ್ಗುತ್ತದೆ. ಮೇಲಿನಿಂದ ಕೆಳಕ್ಕೆ ಬನ್ನಿ. ಇಂಜಿನ್ನಿನ ರಬ್ಬರ್ ಬೆಲ್ಟಿಗೆ ದ್ರವ ತಾಗದಂತೆ ನೋಡಿಕೊಳ್ಳಿ. ಇಡೀ ಕೆಲಸಕ್ಕೆ ಒಂದು ಬಕೆಟ್ ನೀರಿಗಿಂತ ಹೆಚ್ಚು ಬೇಕಾಗುವುದಿಲ್ಲ.

ಉತ್ತರ: ವಿಲ್ಸನ್ ಗಾರ್ಡನ್ ಆಟೋ ಎಲೆಕ್ಟ್ರಿಷಿಯನ್

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ವೈರಿಂಗ್ ಕೆಲಸ ಮಾಡುವವನಾಗಿ ಕೆಲವು ಮಾತು ಸೇರಿಸುತ್ತೇನೆ.

ಪೆಟ್ರೋಲ್ ಕಾರಿನಲ್ಲಿ ನೀರಿಗೆ ಅತ್ಯಂತ ಸೂಕ್ಷ್ಮವಾದ ಜಾಗ ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ಗಳ ಕೆಳಗಿರುವ ಸ್ಪಾರ್ಕ್ ಪ್ಲಗ್ಗಿನ ಗುಂಡಿ. ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದು ನೋಡಿದರೆ ಸಿಲಿಂಡರಿಗೊಂದರಂತೆ ಕಾಯಿಲ್‌ಗಳು ಸಾಲಾಗಿ ಕೂತಿರುವುದು ಕಾಣುತ್ತದೆ. ಅವುಗಳ ಬುಡದ ರಬ್ಬರ್ ಹಳತಾಗಿ ಬಿಗಿತ ಕಳೆದುಕೊಂಡಿದ್ದರೆ ಮೇಲೆ ಸುರಿದ ನೀರು ಆ ಆಳವಾದ ಗುಂಡಿಗೆ ಇಳಿದು, ಹೊರಬರಲು ದಾರಿಯಿಲ್ಲದೆ ನಿಲ್ಲುತ್ತದೆ. ಆಗ ಕಿಡಿ ಸರಿಯಾಗಿ ಹಾರದೆ ಇಂಜಿನ್ ನಡುಗುತ್ತದೆ, ಎಳೆತ ಕಡಿಮೆಯಾಗುತ್ತದೆ, ಚೆಕ್ ಇಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಹಾಗಾಗಿ ಕಾಯಿಲ್‌ಗಳಿರುವ ಮೇಲ್ಭಾಗದಲ್ಲಿ ಹಿಂಡಿದ ಬಟ್ಟೆಯನ್ನಷ್ಟೇ ಬಳಸಿ.

ವೈರಿಂಗ್ ಕನೆಕ್ಟರುಗಳಲ್ಲಿ ರಬ್ಬರ್ ಸೀಲ್ ಇರುವುದು ನಿಜ, ಮಳೆಯ ತುಂತುರನ್ನು ಅವು ತಡೆಯುತ್ತವೆ. ಆದರೆ ಮನೆಬಳಕೆಯ ಪ್ರೆಷರ್ ವಾಷರ್‌ಗಳೇ 100 ಬಾರ್‌ಗಿಂತ ಹೆಚ್ಚು ಒತ್ತಡದಲ್ಲಿ ನೀರು ಬಿಡುತ್ತವೆ, ಅದನ್ನು ಹತ್ತಿರದಿಂದ ಹಿಡಿದರೆ ಎಂಟು ವರ್ಷದ ಶಾಖಕ್ಕೆ ಒಣಗಿದ ಸೀಲ್ ತಡೆಯುವುದಿಲ್ಲ. ಒಳಗೆ ಹೋದ ನೀರು ಅಂದೇ ತೊಂದರೆ ಕೊಡಬೇಕೆಂದಿಲ್ಲ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು, ತಿಂಗಳುಗಳ ನಂತರ ಯಾವುದೋ ಸೆನ್ಸರಿನ ದೋಷವಾಗಿ ಅದು ಕಾಣಿಸಿಕೊಂಡಾಗ ತೊಳೆದದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಎ.ಸಿ. ಕಂಡೆನ್ಸರಿನ ತೆಳುವಾದ ಅಲ್ಯೂಮಿನಿಯಮ್ ರೆಕ್ಕೆಗಳೂ ಅಂಥ ಒತ್ತಡಕ್ಕೆ ಬಾಗಿ ಗಾಳಿಯ ದಾರಿಯನ್ನು ಮುಚ್ಚುತ್ತವೆ.

ಇನ್ನೊಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು. ಟರ್ಮಿನಲ್ ಬಿಚ್ಚದೆ ಆ ಕಡೆ ಕೈ ಹಾಕಬೇಡಿ.

ಪ್ರಶ್ನೆ ಕೇಳಿದವರು: ಮಲ್ಲೇಶ್ವರದ ಓದುಗ

ಇಬ್ಬರಿಗೂ ಧನ್ಯವಾದಗಳು. ನಿಮ್ಮ ಮಾತಿನಂತೆ ಮೊದಲು ನೋಡಿದಾಗ ಇನ್ನೆರಡು ವಿಷಯ ಕಂಡವು. ಬ್ಯಾಟರಿಯ ಒಂದು ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಬೆಳೆದಿದೆ. ಬ್ಯಾಟರಿಯ ಹಿಂದೆ ಬಟ್ಟೆಯ ಚೂರು, ತೆಂಗಿನ ನಾರು, ಹಿಕ್ಕೆ ಸೇರಿದ ಇಲಿಯ ಗೂಡಿದೆ. ಇವನ್ನು ತೆಗೆಯುವ ರೀತಿಯನ್ನೂ ತಿಳಿಸಬೇಕು.

ಉತ್ತರ: ವಿಲ್ಸನ್ ಗಾರ್ಡನ್ ಆಟೋ ಎಲೆಕ್ಟ್ರಿಷಿಯನ್

ಇಲಿಯ ಗೂಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಒಣಗಿದ್ದಾಗ ಗುಡಿಸಲೂ ಬೇಡಿ, ಗಾಳಿ ಊದಲಂತೂ ಬೇಡವೇ ಬೇಡ. ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ, ಒಣ ಹಿಕ್ಕೆಯ ಧೂಳು ಉಸಿರಿಗೆ ಹೋಗುವುದೂ ಅಪಾಯ. ರಬ್ಬರ್ ಕೈಗವಸು, ಮಾಸ್ಕ್ ಹಾಕಿಕೊಂಡು, ರೋಗಾಣುನಾಶಕ ಬೆರೆಸಿದ ನೀರನ್ನು ಗೂಡಿನ ಮೇಲೆ ಮಾತ್ರ ಚಿಮುಕಿಸಿ ನೆನೆಸಿ, ಸ್ವಲ್ಪ ಹೊತ್ತು ಬಿಟ್ಟು, ಚೀಲಕ್ಕೆ ಎತ್ತಿ ಬಾಯಿ ಕಟ್ಟಿ. ಬ್ಲೀಚಿಂಗ್ ಪುಡಿಯ ನೀರನ್ನು ಇಲ್ಲಿ ಬಳಸಬೇಡಿ, ಅದು ಲೋಹಕ್ಕೆ ತುಕ್ಕು ಹಿಡಿಸುತ್ತದೆ.

ಗೂಡು ತೆಗೆದ ಮೇಲೆ ಸುತ್ತಲಿನ ವೈರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಮೇಲಿನ ಹೊದಿಕೆ ಕಚ್ಚಿ ತಾಮ್ರ ಕಾಣುತ್ತಿದ್ದರೆ ಶುಚಿ ಮಾಡುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಬ್ಯಾಟರಿ ಜೋಡಿಸದೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ತಾಮ್ರ ತೆರೆದುಕೊಂಡ ವೈರಿಗೆ ನೀರು ಸೇರುವುದಕ್ಕಿಂತ ಕೊಳೆ ಇರುವುದೇ ಮೇಲು.

ಬ್ಯಾಟರಿಯ ಪುಡಿ ಆಸಿಡ್ಡಿನಿಂದ ಬಂದದ್ದು. ಕೈಗವಸು ಬಿಚ್ಚಬೇಡಿ, ಕನ್ನಡಕವನ್ನೂ ಹಾಕಿಕೊಳ್ಳಿ. ಮೊದಲು ನೆಗೆಟಿವ್, ನಂತರ ಪಾಸಿಟಿವ್ ಬಿಚ್ಚಿ. ಬೆಚ್ಚಗಿನ ನೀರಿನಲ್ಲಿ ಒಂದು ಚಮಚ ಅಡುಗೆ ಸೋಡಾ ಕಲಸಿ ಬ್ರಷ್ಷಿನಿಂದ ಹಚ್ಚಿದರೆ ಪುಡಿ ನೊರೆಯೆದ್ದು ಕರಗುತ್ತದೆ. ಬ್ಯಾಟರಿಯ ಮುಚ್ಚಳದ ರಂಧ್ರಗಳೊಳಗೆ ಆ ನೀರು ಹೋಗಬಾರದು. ಒರೆಸಿ ಪೂರ್ತಿ ಒಣಗಿದ ಮೇಲೆ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಜೋಡಿಸಿ, ಬಿಗಿ ಮಾಡಿದ ನಂತರ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಉತ್ತರ: ಬೆಳ್ಳಂದೂರಿನ ನಿವಾಸಿ

ಕೊಳೆ ನೀರು ಎಲ್ಲಿ ಹೋಗುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ರಸ್ತೆಬದಿಯ ಮಳೆನೀರಿನ ಚರಂಡಿ ರಾಜಕಾಲುವೆಗೆ ಸೇರುತ್ತದೆ, ರಾಜಕಾಲುವೆ ಕೆರೆಗೆ ಸೇರುತ್ತದೆ. ನಮ್ಮ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಬೆಂಕಿ ಹೊತ್ತಿ ಉರಿದದ್ದನ್ನು ಇಡೀ ದೇಶ ನೋಡಿದೆ. ಆ ನೊರೆಗೆ ಮುಖ್ಯ ಕಾರಣ ಕೊಳಚೆ ಮತ್ತು ಸೋಪಿನ ನೀರು. ಒಂದು ಕಾರಿನ ಆಯಿಲ್ ಜಿಡ್ಡು ದೊಡ್ಡದಲ್ಲವೆನಿಸಬಹುದು, ಆದರೆ ನಗರದಲ್ಲಿರುವ ಕಾರುಗಳೆಷ್ಟೆಂದು ಯೋಚಿಸಿ. ಇಂಜಿನ್ ಕೆಳಗೆ ಹಳೆಯ ರಟ್ಟು, ಅದರ ಮೇಲೆ ಬನಿಯನ್ ವೇಸ್ಟ್ ಹಾಸಿ, ತೊಟ್ಟಿಕ್ಕುವುದನ್ನು ಅದರಲ್ಲೇ ಹಿಡಿಯಿರಿ. ಜಿಡ್ಡು ಹಿಡಿದ ಬಟ್ಟೆಗಳನ್ನು ಬೇರೆ ಚೀಲದಲ್ಲಿ ಕಟ್ಟಿ, ಹಸಿ ಕಸಕ್ಕೆ ಸೇರಿಸದೆ ಕೊಡಿ.

ಕಾರು ತೊಳೆಯಲು ಕುಡಿಯುವ ನೀರು ಬಳಸುವುದನ್ನು ಜಲಮಂಡಳಿಯು 2024ರ ಮಾರ್ಚ್‌ನಲ್ಲಿ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತ್ತು, 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಹೊರಡಿಸಿತು. ಕಾವೇರಿ ನೀರನ್ನು ಇದಕ್ಕೆ ಬಳಸಬೇಡಿ. ಸಂಗ್ರಹಿಸಿಟ್ಟ ಮಳೆನೀರಿದ್ದರೆ ಅದೇ ಉತ್ತಮ, ಅದು ಒಣಗಿದಾಗ ಬೋರ್‌ವೆಲ್ ನೀರಿನಂತೆ ಬಿಳಿ ಕಲೆಯನ್ನೂ ಉಳಿಸುವುದಿಲ್ಲ.

ಉತ್ತರ: ಯಲಹಂಕದಿಂದ

ಒಂದು ಭಿನ್ನಾಭಿಪ್ರಾಯವಿದೆ. ಇಂಜಿನ್ನಿನ ಕೆಳಭಾಗಕ್ಕೆ ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಬಟ್ಟೆ ಅಲ್ಲಿಗೆ ತಲುಪುವುದಿಲ್ಲ. ಅಂಥ ಕಡೆ, ಸೂಕ್ಷ್ಮ ಭಾಗಗಳನ್ನು ಮುಚ್ಚಿಕೊಂಡು, ಚೊಂಬಿನಿಂದ ನಿಧಾನವಾಗಿ ನೀರು ಹಾಕುವುದರಿಂದ ತೊಂದರೆಯಾಗುವುದಿಲ್ಲ. ಕಾಯಿಲ್, ಆಲ್ಟರ್ನೇಟರ್ ಇರುವ ಕಡೆಗೆ ಹರಿಯದಂತೆ ನೋಡಿಕೊಂಡರಾಯಿತು. ಹಳ್ಳಿ ರಸ್ತೆಯಲ್ಲಿ ಓಡಾಡುವ ನಮ್ಮಂಥವರಿಗೆ ಇದು ಬೇಕಾಗುತ್ತದೆ, ಮಲ್ಲೇಶ್ವರದ ಧೂಳಿಗೆ ಬೇಕಾಗಲಾರದು.

ಉತ್ತರ: ಬಸವನಗುಡಿಯಿಂದ

ಯಲಹಂಕದವರ ಮಾತು ಸರಿ, ಕೆಳಭಾಗಕ್ಕೆ ಅಷ್ಟು ನೀರು ಹಾಕಬಹುದು. ಆದರೆ ಹೈಬ್ರಿಡ್ ಅಥವಾ ವಿದ್ಯುತ್ ಕಾರು ಇರುವವರು ಈ ಯಾವ ಸಲಹೆಯನ್ನೂ ಅನುಸರಿಸಬಾರದು. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ, ಚಿಕ್ಕ ಬ್ಯಾಟರಿಯ ಟರ್ಮಿನಲ್ ಬಿಚ್ಚಿದ ಮಾತ್ರಕ್ಕೆ ಅವು ಸುರಕ್ಷಿತವೆಂದು ಭಾವಿಸಬಾರದು. ಸಿ.ಎನ್.ಜಿ. ಕಾರಿನವರು ರೆಗ್ಯುಲೇಟರ್ ಮತ್ತು ಅದರ ಪೈಪುಗಳನ್ನು ಒಣ ಬಟ್ಟೆಯಿಂದ ಒರೆಸಿ ಅಷ್ಟಕ್ಕೇ ಬಿಡಬೇಕು.

ಕೆಲಸ ಮುಗಿದ ಮೇಲೆ ಒಣ ಬಟ್ಟೆಯಿಂದ ಎಲ್ಲವನ್ನೂ ಒರೆಸಿ, ಬಾನೆಟ್ ತೆರೆದಿಟ್ಟು ಬಿಸಿಲಿಗೆ ಒಂದೆರಡು ಗಂಟೆ ಬಿಡಿ. ಕಟ್ಟಿದ ಚೀಲಗಳನ್ನು ಎಣಿಸಿ ತೆಗೆಯಿರಿ, ಏಕೆಂದರೆ ಮರೆತ ಒಂದು ಚೀಲವನ್ನು ಏರ್ ಫಿಲ್ಟರಿನ ಬಾಯಿ ಎಳೆದುಕೊಳ್ಳಬಹುದು, ಮರೆತ ಒಂದು ಬಟ್ಟೆ ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ಳಬಹುದು. ನಂತರ ಬ್ಯಾಟರಿ ಜೋಡಿಸಿ, ಗಾಳಿಯಾಡುವ ಜಾಗದಲ್ಲಿ ಇಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಐಡಲಿಂಗ್‌ನಲ್ಲಿ ಬಿಟ್ಟು ಕಿವಿಗೊಡಿ. ಬೆಲ್ಟ್ ಸ್ವಲ್ಪ ಹೊತ್ತು ಕಿರುಗುಟ್ಟಿ ನಿಂತರೆ ಚಿಂತೆಯಿಲ್ಲ. ಆದರೆ ಇಂಜಿನ್ ನಡುಗಿ ಚೆಕ್ ಇಂಜಿನ್ ದೀಪ ಮಿನುಗತೊಡಗಿದರೆ ಕೂಡಲೇ ಆಫ್ ಮಾಡಿ. ಓಡಿಸಿದರೆ ಸರಿಹೋದೀತೆಂದು ರಸ್ತೆಗೆ ಇಳಿಸಬೇಡಿ, ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಮಿತಿಮೀರಿ ಕಾಯಿಸಿ ಹಾಳುಮಾಡುತ್ತದೆ. ಕಾಯಿಲ್‌ಗಳನ್ನು ಬಿಚ್ಚಿ ಗುಂಡಿಯ ನೀರನ್ನು ಒಣಗಿಸಿದ ಮೇಲೆಯೇ ಮತ್ತೆ ಚಾಲೂ ಮಾಡಬೇಕು.